ಹುಣಸೆಮರದ ಮನೆ ಮೊದಲ ಪುಟದಲ್ಲಿ

ಆ ದಿನ ಮೋಡ ಕವಿದಿತ್ತು ಎಂದು ಮೊದಲು ಬರೆದೆ. ಆಮೇಲೆ ಸಂಶಯ ಬಂದು ಫೋನಿನಲ್ಲಿ ಅವತ್ತಿನ ಫೋಟೊ ಹುಡುಕಿದೆ. ಕಣ್ಣು ಬಿಡಲಾಗದ ಬಿಸಿಲು. ಹುಣಸೆಮರದ ನೆರಳು ಅಂಗಳದಲ್ಲಿ ಕಪ್ಪಗೆ ಬಿದ್ದಿದೆ. ನೆರಳಿನಲ್ಲಿ ಅಕ್ಕ ನಿಂತಿದ್ದಾಳೆ, ಕೈಯಲ್ಲಿ ಗೋಡೆಯಿಂದ ಕಿತ್ತ ಹಳೆಯ ತಗಡಿನ ಬೋರ್ಡು. ಅವಳು ನಗುತ್ತಿದ್ದಾಳೆ. ನನ್ನ ನೆನಪಿನಲ್ಲಿ ಅವಳು ನಗುತ್ತಿರಲಿಲ್ಲ.

ಆದ್ದರಿಂದ ಇಲ್ಲಿ ಬರೆಯುವುದನ್ನು ಫೋನಿನ ಕಾಲ್ ಲಿಸ್ಟು, ಫೋಟೊಗಳು, ಮತ್ತೆ ಒಂದು ನೂರು ಪುಟದ ನೋಟ್‌ಬುಕ್ಕು, ಇವುಗಳ ಜೊತೆ ತಾಳೆ ನೋಡಿಕೊಂಡು ಬರೆಯುತ್ತಿದ್ದೇನೆ. ತಾಳೆಯಾಗದ ಕಡೆ ಹಾಗೆಂದು ಹೇಳುತ್ತೇನೆ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯಲ್ಲಿ, ಕಡ್ಡಿರಾಂಪುರದಲ್ಲಿ, ತನ್ನ ಮನೆಯ ಮೂರು ಕೋಣೆಗಳನ್ನು ಹಂಪಿ ನೋಡಲು ಬರುವವರಿಗೆ ಕೊಡುತ್ತಾಳೆ. ನಾನು ಕಂಪ್ಲಿಯವಳು, ಹೊಸಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದು ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಎಸ್‌ಇಒ ಕೆಲಸ ಮಾಡುತ್ತೇನೆ. ಯಾರಾದರೂ ಫೋನಿನಲ್ಲಿ ಹಲ್ಲಿನ ಡಾಕ್ಟರನ್ನೋ ಟೈಲ್ಸ್ ಅಂಗಡಿಯನ್ನೋ ಹುಡುಕಿದರೆ, ಬರುವ ಪಟ್ಟಿಯಲ್ಲಿ ನನ್ನ ಗಿರಾಕಿಯ ಹೆಸರು ಮೇಲೆ ಬರುವಂತೆ ಅವರ ವೆಬ್ ಪುಟವನ್ನು ತಿದ್ದುವುದು. ಅವ್ವ ಇದನ್ನು ಓಣಿಯಲ್ಲಿ 'ಹೆಸರು ಮ್ಯಾಲೆ ಎತ್ತೋ ಕೆಲಸ' ಎಂದು ಹೇಳಿಕೊಂಡು ಬಂದಿದ್ದಾಳೆ.

ದಸರಾ ಮುಗಿದ ಮೇಲೆ ಪುಟ ಮಾಡಿಕೊಡಲು ಅಕ್ಕನ ಮನೆಗೆ ಮೊದಲ ಸಲ ಹೋದಾಗ ಅವಳು ನಮ್ಮ ಕಡೆಯ ಪದ್ಧತಿಯಂತೆ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ಕೊಟ್ಟಳು. ಯಾವ ಊರು ಎಂದು ಕೇಳಿದಳು. ಯಾರ ಪೈಕಿ ಎಂದು ಕೇಳಲಿಲ್ಲ. ಮನೆಯವರು ಕುಡಿಯುವ ತಂಬಿಗೆಯಲ್ಲೇ ಕೊಟ್ಟಳು. ನಾನು ಅದನ್ನು ಗಮನಿಸಿದೆ, ಯಾವಾಗಲೂ ಗಮನಿಸುತ್ತೇನೆ.

ಅವಳ ಗಂಡ ಸಂಡೂರಿನಲ್ಲಿ ಅದಿರು ಲಾರಿ ಓಡಿಸುತ್ತಾರೆ. ಬಂಡ್ರಿಯಲ್ಲಿ ಒಂದು ಕೋಣೆ ಮಾಡಿಕೊಂಡು ಅಲ್ಲೇ ಇರುತ್ತಾರೆ. ಹದಿನೈದು ದಿನಕ್ಕೊಮ್ಮೆ ಬಂದಾಗ ಕಿವಿಯೊಳಗಿಂದ ಕೆಂಪು ಧೂಳು ತೆಗೆಯುತ್ತಾ ಕೂರುತ್ತಾರೆ. ಸೊಂಟ ಹಿಡಿದು ಏಳಲು ಎರಡು ಸಲ ಪ್ರಯತ್ನಿಸಬೇಕು. ಅವರಿಗೆ ಲಾರಿ ಬಿಟ್ಟು ಮನೆಗೆ ಬಂದು ಅಡುಗೆಮನೆ ನೋಡಿಕೊಳ್ಳುವ ಆಸೆ. ರೊಟ್ಟಿ ಬಡಿಯುವುದರಲ್ಲಿ ಅವರದ್ದೇ ಒಳ್ಳೆಯ ಕೈ ಎಂದು ಅಕ್ಕನೇ ಹೇಳಿದಳು.

"ಸಂಕ್ರಾಂತಿ ತನ ನೋಡೂನು ಅಂದೀನಿ ಅವರಿಗೆ. ಕ್ವಾಣಿ ತುಂಬಿದ್ರ ಅವ್ರು ಇಳದು ಬರ್ತಾರ. ತುಂಬ್ಲಿಲ್ಲಂದ್ರ ಮನಿ ಯಾರಿಗಾರ ಕೊಟ್ಟು ನಾನ ಬಂಡ್ರಿಗೆ ಹತ್ತೀನಿ. ಎಲ್ಡು ಕಡಿ ಒಲಿ ಉರಸಾಕ ಇನ್ನ ಆಗಂಗಿಲ್ಲ ತಂಗಿ," ಎಂದಳು.

ಆ ನೂರು ಪುಟದ ನೋಟ್‌ಬುಕ್ಕನ್ನು ಅವತ್ತೇ ಕೊಟ್ಟೆ. ಬಂದವರನ್ನೆಲ್ಲ 'ಈ ಮನೆ ಹೆಂಗ ಗೊತ್ತಾತ್ರಿ?' ಎಂದು ಕೇಳಿ ಬರೆದಿಡಲು ಹೇಳಿದೆ. ನಾನು ಕಲಿತ ಕೆಲಸದಲ್ಲಿ ಅದಕ್ಕೊಂದು ಕಾಲಂ ಇರುತ್ತದೆ. ಗಿರಾಕಿ ಎಲ್ಲಿಂದ ಬಂದ, ಸರ್ಚಿನಿಂದಲೋ, ಜಾಹೀರಾತಿನಿಂದಲೋ, ಯಾರೋ ಹೇಳಿದ್ದರಿಂದಲೋ. ಒಂದು ಚೌಕದಲ್ಲಿ ಒಂದೇ ಉತ್ತರ. ಅಕ್ಕ ಎರಡು ವಾರ ನಿಷ್ಠೆಯಿಂದ ಬರೆದು ನನ್ನ ಕೈಗೆ ಕೊಟ್ಟಳು. ನಾನು ಓದಲಿಲ್ಲ. ಏನಿರಬಹುದೆಂದು ನನಗೆ ಮೊದಲೇ ಗೊತ್ತಿತ್ತು ಎಂದುಕೊಂಡಿದ್ದೆ.

ಓದದೆಯೇ ಹೊಸ ಹೆಸರು ಕಟ್ಟಿದೆ. ಜನ ಏನೆಂದು ಹುಡುಕುತ್ತಾರೆ ಎಂದು ನೋಡಿದರೆ ಹಂಪಿ, ನದಿ, ಪಾರಂಪರಿಕ, ಹೋಂಸ್ಟೇ. ನಾಲ್ಕನ್ನೂ ಸಾಲಾಗಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಹೆಸರು ಮಾಡಿದೆ. ಅಲ್ಲಿಯವರೆಗೆ ಆ ಮನೆಗಿದ್ದದ್ದು ಅಕ್ಕನ ಗಂಡ ತಗಡಿನ ಮೇಲೆ ನೀಲಿ ಬಣ್ಣದಲ್ಲಿ ಕೈಯಾರೆ ಬರೆದ 'ಹುಣಸೆಮರದ ಮನೆ' ಎಂಬ ಹೆಸರು. ಪುಟದಲ್ಲೊಂದು, ನಕ್ಷೆಯಲ್ಲೊಂದು, ಗೋಡೆಯ ಮೇಲೊಂದು ಹೆಸರಿದ್ದರೆ ಸರ್ಚಿಗೆ ನಂಬಿಕೆ ಬರುವುದಿಲ್ಲ ಎಂದು ನಾನು ಓದಿದ್ದೆ. ಅದು ಸುಳ್ಳೂ ಅಲ್ಲ. ಆದ್ದರಿಂದ ತಗಡು ಇಳಿಯಬೇಕಾಯಿತು.

"ಮರ ಐತಲ್ಲೇ ತಂಗಿ, ಅದಕ್ಕಿಂತ ದೊಡ್ಡ ಬೋರ್ಡ್ ಯಾವ್ದೈತಿ?"

"ಮರ ಫೋನಾಗ ಕಾಣಂಗಿಲ್ರಿ ಅಕ್ಕಾ. ಎಲ್ಲಾ ಕಡಿ ಒಂದ ಹೆಸರು ಇರಬೇಕು. ಇಲ್ಲಂದ್ರ ಅದು ನಂಬಂಗಿಲ್ಲ."

"ಯಾವ್ದು ನಂಬಂಗಿಲ್ಲ?"

"ಅದ ರೀ, ಸರ್ಚು."

"ಅದು ನನ್ನ ನಂಬಾಕ ನಾ ಅದ್ರ ಮನಿಗೆ ಹೆಣ್ಣು ಕೊಡಬೇಕೇನು?" ಎಂದು ನಕ್ಕಳು. ಫೋಟೊದಲ್ಲಿರುವ ನಗು ಇದೇ ಇರಬೇಕು. ಆಮೇಲೆ ಹೊಸ ಬೋರ್ಡಿನ ಅಕ್ಷರಗಳನ್ನು ನಿಧಾನ ಕೂಡಿಸಿ ಓದಿ, "ಹೊಳಿ ಎಲ್ಲೈತಿ ಇಲ್ಲಿ?" ಎಂದಳು.

ಮನೆಯ ಹಿಂದೆ ಬಾಳೆತೋಟ. ತೋಟದಾಚೆ ಹಳೆಯ ಕಾಲುವೆ. ನಾನು ಅತ್ತ ಕೈ ತೋರಿಸಿದೆ. "ಆ ನೀರು ಹೊಳಿದ ಅಲ್ಲೇನ್ರಿ?"

"ಹಂಗಾದ್ರ ನಮ್ಮ ನಳದಾಗೂ ಹೊಳಿನ ಬರತೈತಿ. ಬಚ್ಚಲಕ್ಕೂ ಒಂದು ಬೋರ್ಡ್ ಬರಿ."

ಇಬ್ಬರೂ ನಕ್ಕೆವು. ಬೋರ್ಡು ಏರಿತು.

ಪುಟ ಕೂಡ ಏರಿತು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ನಾನು ನನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದೆ. ಹುಡುಕಿದರೆ ಬರುವ ಪಟ್ಟಿಯ ನಾಲ್ಕನೆಯ ಪುಟದಲ್ಲಿದ್ದದ್ದು ಎರಡನೆಯದಕ್ಕೆ, ಆಮೇಲೆ ಮೊದಲನೆಯದಕ್ಕೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಹುಡುಕಿ ನೋಡುತ್ತಿದ್ದೆ. ಚಹಾ ಕುಡಿದು ಮತ್ತೆ. ಹೆಸರು ಒಂದು ಸಾಲು ಕೆಳಗಿಳಿದಿದ್ದರೆ ಕೂತು ಪುಟ ತಿದ್ದುತ್ತಿದ್ದೆ, ಮೇಲಿದ್ದರೆ ಇನ್ನೆಷ್ಟು ಹೊತ್ತು ಇದ್ದೀತು ಎಂದು ಮತ್ತೆ ಹುಡುಕುತ್ತಿದ್ದೆ. ಆ ದಿನಗಳ ನೆನಪೆಂದರೆ ಹೆಬ್ಬೆರಳು ಪರದೆಯನ್ನು ಕೆಳಗೆಳೆಯುವುದು, ಮತ್ತೆ ಎಳೆಯುವುದು, ಅಷ್ಟೇ.

ಅಕ್ಕನ ಫೋನಿಗೆ ಕರೆಗಳು ಹೆಚ್ಚಾದವು. ಎಲ್ಲರದೂ ಒಂದೇ ಪ್ರಶ್ನೆ, ಕೋಣೆಯಿಂದ ನದಿ ಕಾಣುತ್ತದೆಯೇ. ಅಕ್ಕ ಸುಳ್ಳು ಹೇಳಲಾರಳು. "ಕಾಲುವಿ ಕಾಣತೈತ್ರಿ, ಬಾಳಿಗಿಡದ ಸಂದ್ಯಾಗ," ಎನ್ನುತ್ತಿದ್ದಳು. ಕೆಲವರು ಕೇಳದೆಯೇ ಬಂದರು. ಒಂದು ಜೋಡಿ ಗಂಡ ಹೆಂಡತಿ ಚೀಲ ಇಳಿಸದೆ ತೋಟದ ತನಕ ಹೋಗಿ ಕಾಲುವೆ ನೋಡಿ ವಾಪಸ್ ಬಂದರು. ಅಕ್ಕ ನೀರು ಬೆಲ್ಲ ಹಿಡಿದು ನಿಂತಿದ್ದಳು. ಅವರು ಆಟೊ ಹತ್ತಿ ಹೋದರು. ತಂಬಿಗೆ ಹಾಗೇ ಕಟ್ಟೆಯ ಮೇಲೆ ಉಳಿಯಿತು. ಅದನ್ನು ನಾನು ಕಣ್ಣಾರೆ ನೋಡಿದೆನೋ ಅಕ್ಕ ಹೇಳಿದ್ದನ್ನು ನೋಡಿದಂತೆ ಇಟ್ಟುಕೊಂಡಿದ್ದೇನೋ, ಈಗ ಖಚಿತವಿಲ್ಲ. ಅವರು ಆಮೇಲೆ ಪುಟದ ಕೆಳಗೆ ಬರೆದದ್ದಂತೂ ಈಗಲೂ ಇದೆ: ಜನ ಒಳ್ಳೆಯವರು, ನದಿ ಇಲ್ಲ.

ಡಿಸೆಂಬರ್ ಎಂದರೆ ಹಂಪಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಕ್ಕನ ಮೂರು ಕೋಣೆಗಳಲ್ಲಿ ಎರಡಕ್ಕೆ ಬೀಗ. ಹಿಂದಿನ ವರ್ಷ, ಪುಟವೂ ಇಲ್ಲದಾಗ, ಇದಕ್ಕಿಂತ ಹೆಚ್ಚು ಜನ ಬಂದಿದ್ದರು. ನನಗೆ ಅದು ಅರ್ಥವಾಗಲಿಲ್ಲ. ಸರ್ಚಿನಿಂದ ಬಂದವರು ತಿರುಗಿ ಹೋಗುವುದು ಸರಿ, ನನ್ನ ತಪ್ಪು. ಹಳೆಯ ದಾರಿಯಿಂದ ಬರುತ್ತಿದ್ದವರು ಎಲ್ಲಿ ಹೋದರು?

ಉತ್ತರ ಸಿಕ್ಕಿದ್ದು ಹೊಸಪೇಟೆ ರೈಲ್ವೆ ಸ್ಟೇಷನ್ನಿನ ಮುಂದೆ. ಅಲ್ಲಿ ಆಟೊ ನಿಲ್ಲಿಸುವ ಪಾಪಿನಾಯಕನಹಳ್ಳಿಯ ಒಬ್ಬ ಚಾಲಕರು ನನಗೆ ಪರಿಚಯ. ಲ್ಯಾಪ್‌ಟಾಪ್ ಚೀಲ ನೋಡಿ ನನಗೆ ಕಂಪ್ಯೂಟರ್ ಮೇಡಮ್ಮ ಎಂದು ಹೆಸರಿಟ್ಟಿದ್ದರು.

"ಕಂಪ್ಯೂಟರ್ ಮೇಡಮ್ಮಾ, ಪಾಪ, ಹುಣಸಿಮರದ ಅಕ್ಕ ಮನಿ ಯಾಕ ಮಾರಿದ್ಲು?"

"ಯಾರು ಹೇಳಿದ್ರಿ ಮಾರ್‍ಯಾಳ ಅಂತ?"

"ಹೇಳೋದೇನ್ರಿ, ಬೋರ್ಡ್ ಬದಲಾತಲ್ಲ. ನಮ್ ರೋಡಿನಾಗ ಬೋರ್ಡ್ ಬದಲಾತಂದ್ರ ಮಾಲಕ್ರು ಬದಲಾದ್ರು ಅಂತ. ಹೊರಗಿನೋರು ಯಾರೋ ತಗಂಡಾರ ಅಂತ ಸ್ಟ್ಯಾಂಡಿನಾಗ ಮಾತಾತು. ಹಳೇ ಗಿರಾಕಿಗೋಳು ಹುಣಸಿಮರದ ಮನಿ ಅಂತ ಕೇಳ್ಕಂತ ಬರ್ತಾರ, ಅದು ಇಲ್ಲರಿ ಈಗ ಅಂತ ಹೇಳಿ ಬ್ಯಾರೆ ಕಡಿ ಬಿಟ್ಟು ಬರ್ತೀವಿ."

"ಅಕ್ಕನ್ನ ಒಂದು ಮಾತು ಕೇಳಬಾರದೇನ್ರಿ?"

ಅವರು ನನ್ನನ್ನು ತಿಳಿಗೇಡಿಯಂತೆ ನೋಡಿದರು. "ಮನಿ ಕಳಕಂಡಾಕಿನ ಮನಿ ಮುಂದ ನಿಂತು ಕೇಳಾಕಾಗತೈತೇನ್ರಿ? ಎಷ್ಟು ನೊಂದಿರತಾಳ."

ಹಾಗೆ, ಅವಳಿಗೆ ನೋವಾಗಬಾರದೆಂದು, ಸ್ಟ್ಯಾಂಡಿನ ಇಪ್ಪತ್ತು ಆಟೊಗಳು ಎರಡು ತಿಂಗಳು ಅವಳ ಬಾಗಿಲಿಗೆ ಯಾರನ್ನೂ ಕರೆತಂದಿರಲಿಲ್ಲ. ಇಪ್ಪತ್ತು ಎಂಬುದು ಅಂದಾಜು. ನಾನು ಎಣಿಸಿಲ್ಲ.

ಕೋಣೆಗೆ ಬಂದು ನೋಟ್‌ಬುಕ್ ತೆಗೆದು ಮೊದಲ ಸಲ ಓದಿದೆ. ಅಕ್ಕನ ದುಂಡನೆಯ ಅಕ್ಷರ. 'ಗೆಳತಿ ಹೇಳಿದ್ದಳಂತೆ. ಹೆಸರು ಮರೆತಿದ್ದಳಂತೆ, ಮರ ನೆನಪಿತ್ತಂತೆ. ಆಮೇಲೆ ಫೋನಿನಲ್ಲಿ ಹುಣಸೆಮರ ಅಂತ ಹುಡುಕಿದರಂತೆ. ದಾರಿ ತಪ್ಪಿ ಆಟೊದವರನ್ನು ಕೇಳಿದರಂತೆ.' ಇನ್ನೊಂದು: 'ಹೋದ ವರ್ಷ ಬಂದಿದ್ದರು. ಯಜಮಾನರ ರೊಟ್ಟಿ ಇದೆಯಾ ಅಂದರು.' ಇನ್ನೊಂದು: 'ಹೇಗೆ ಬಂದೆವೋ ನೆನಪಿಲ್ಲ ಅಂದರು.' ನನ್ನ ಕಾಲಂನಲ್ಲಿ ಇವರಲ್ಲಿ ಒಬ್ಬರನ್ನೂ ಕೂರಿಸಲು ಆಗುತ್ತಿರಲಿಲ್ಲ. ಮರ, ರೊಟ್ಟಿ, ನೀರು ಬೆಲ್ಲ, ಗೆಳತಿಯ ಮರೆವು, ಆಟೊ ಸ್ಟ್ಯಾಂಡಿನ ಮಾತು, ಇದಿಷ್ಟೂ ಮಾರ್ಕೆಟಿಂಗ್ ಆಗಿತ್ತು, ನಾನು ಬರುವ ಮೊದಲೇ ನಡೆಯುತ್ತಿತ್ತು. ಅದರೊಳಗೆ ಸರ್ಚಿಗೂ ಒಂದು ಜಾಗವಿತ್ತು, ಮಧ್ಯದಲ್ಲೆಲ್ಲೋ, ಹೆಸರು ಮರೆತವಳಿಗೆ ಮರ ತೋರಿಸುವ ಜಾಗ. ಅದನ್ನು ಬಲಪಡಿಸುವುದಷ್ಟೇ ನನ್ನ ಕೆಲಸ. ನಾನು ಮರವನ್ನೇ ತೆಗೆದು ಹಾಕಿದ್ದೆ.

ಆಗಲೇ ಎದ್ದು ಹೋಗಿ ಅಕ್ಕನಿಗೆ ಹೇಳಿದೆ ಎಂದು ಬರೆಯುವ ಆಸೆಯಾಗುತ್ತದೆ. ಹೇಳಲಿಲ್ಲ. ಹೆದರಿದೆ. ಮಾರನೆಯ ದಿನ ಇನ್ನೊಂದು ಸೇರಿಕೊಂಡಿತು.

ಹೊಸಪೇಟೆಯಲ್ಲಿ ಎರಡು ಲಾಡ್ಜ್ ನಡೆಸುವ ಒಬ್ಬರು ಫೋನ್ ಮಾಡಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಕರೆದರು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ತರಿಸಿದರು. ಅಕ್ಕನ ಮನೆಯನ್ನು ಲೀಸಿಗೆ ಕೇಳಿದ್ದಾರಂತೆ. ಸಂಕ್ರಾಂತಿ ಆದ ಮೇಲೆ ಹೇಳ್ತೀನಿ ಎಂದಿದ್ದಾಳಂತೆ.

"ಗ್ವಾಡಿ ಹೆಂಗಾರ ಇರ್ಲಿ ಮೇಡಂ. ನನಗ ಬೇಕಾಗಿದ್ದು ಆ ಹೆಸರು, ಆ ಪುಟ. ಫೋನ್ ಹಚ್ಚಿದ್ರ ಮೊದ್ಲ ಅದ ಬರತೈತಿ. ಮಸ್ತ್ ಮಾಡೀರಿ ನೀವು. ಪಾಸ್‌ವರ್ಡ್ ನಿಮ್ಮ ಹತ್ರನ ಐತಲ್ಲ? ನನ್ನವೂ ಎಲ್ಲಾ ನೀವ ನೋಡ್ಕಳ್ರಿ."

ಜನರನ್ನು ಕರೆತರಲೆಂದು ಮಾಡಿದ ಪುಟ ಮನೆ ಹಿಡಿಯುವವರನ್ನು ಕರೆತಂದಿತ್ತು. ಆದರೂ, ಬರೆಯಲು ನಾಚಿಕೆಯಾಗುತ್ತದೆ, ಮಸ್ತ್ ಎಂದಾಗ ನನಗೆ ಖುಷಿಯಾಯಿತು. ಆ ಕೆಲಸವನ್ನು ಹೊಗಳಿದವರು ಅವರೊಬ್ಬರೇ. ಯೋಚಿಸಿ ಹೇಳ್ತೀನ್ರಿ ಎಂದೆ. ಅದಾಗಿ ಎರಡು ದಿನಕ್ಕೆ ಅಕ್ಕನಿಗೆ ಎಲ್ಲ ಹೇಳಿದೆ ಎಂದು ಬಹಳ ಕಾಲ ನಂಬಿದ್ದೆ. ಕಾಲ್ ಲಿಸ್ಟ್ ಒಂಬತ್ತು ದಿನ ಎನ್ನುತ್ತದೆ. ಆ ಒಂಬತ್ತು ದಿನದಲ್ಲಿ ಅಕ್ಕ ನನಗೆ ನಾಲ್ಕು ಸಲ ಫೋನ್ ಮಾಡಿದ್ದಾಳೆ. ನಾನು ಒಂದು ಸಲವೂ ಎತ್ತಿಲ್ಲ.

ನಡುವೆ ಕಂಪ್ಲಿಗೆ ಹೋದೆ. ಭಾನುವಾರ ಸಂಜೆ ಅವ್ವ ಬುದ್ಧನ ಫೋಟೊದ ಮುಂದೆ ಮೇಣದಬತ್ತಿ ಹಚ್ಚಿ ಪಂಚಶೀಲ ಹೇಳುತ್ತಾಳೆ. ಭತ್ತದ ನಾಟಿಗೆ ಹೋಗಿ ಬಂದಿದ್ದರೂ ತಪ್ಪಿಸುವುದಿಲ್ಲ. ನಾಲ್ಕನೆಯ ಶೀಲ ಸುಳ್ಳಿನ ವಿಷಯ. ಅಲ್ಲಿಗೆ ಬಂದಾಗ ನನ್ನ ದನಿ ಸಣ್ಣದಾದದ್ದನ್ನು ಅವಳು ಹಿಡಿದಳು. ಹೇಳಿದೆ.

"ಕಾಲುವಿಗೆ ಹೊಳಿ ಅಂದ್ಯಾ?"

"ಎಲ್ರೂ ಹಂಗ ಬರೀತಾರವ್ವಾ."

"ಡ್ಯಾಮಿನ ಗೇಟ್ ತೆಗದಾಗ ನಮ್ಮ ಹೊಳಿ ಇಲ್ಲಿ ಸೇತುವಿ ಮುಳುಗಸ್ತೈತಿ. ನಿನ್ನ ಹೊಳಿ ಏನು ಮುಳುಗಸ್ತೈತಿ?" ಎಂದಳು. ತಟ್ಟೆಗೆ ಅನ್ನ ಹಾಕುತ್ತಾ, "ಆ ಹೆಣ್ಮಗಳ ಮನಿನ ಮುಳುಗಸ್ತೈತಿ ನೋಡು," ಎಂದು ತಾನೇ ಉತ್ತರ ಕೊಟ್ಟಳು.

ಕಡ್ಡಿರಾಂಪುರಕ್ಕೆ ಹೋದಾಗ ಅಕ್ಕ ಹುಣಸೆಕಾಯಿ ಸಿಪ್ಪೆ ಬಿಡಿಸುತ್ತಿದ್ದಳು. ಕುಂದ್ರು ಎನ್ನಲಿಲ್ಲ. ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ಅದು ಅವಳಿಗೆ ಕೈತಪ್ಪುವುದಿಲ್ಲ. ನಾನು ನಿಂತೇ ಹೇಳಿದೆ. ಬೋರ್ಡು, ಆಟೊದವರು, ಲಾಡ್ಜಿನವರು, ಪಾಸ್‌ವರ್ಡು. ಅವಳು ಕೈಯಲ್ಲಿದ್ದ ಹುಣಸೆಕಾಯಿಯನ್ನು ಕೆಳಗಿಟ್ಟಳು.

"ನಾ ಮನಿ ಮಾರೀನಂತ ಸೀಮಿಗೆಲ್ಲಾ ಗೊತ್ತೈತಿ. ನನಗೊಬ್ಬಾಕಿಗೆ ಗೊತ್ತಿಲ್ಲ ನೋಡು!" ಎಂದು ನಗಲು ಹೋದಳು. ನಗು ಅರ್ಧಕ್ಕೆ ನಿಂತಿತು. "ಅದಕ್ಕನ ಏನು, ಸಂತ್ಯಾಗ ಎಲ್ರೂ ನನಗ ಕಾಯಿಪಲ್ಲೆ ಎಲ್ಡು ಹಿಡಿ ಜಾಸ್ತಿ ಹಾಕ್ತಿದ್ರು." ಆಮೇಲೆ ದನಿ ಏರಿತು. "ಇಷ್ಟು ದಿನ ಲೇ! ಇನ್ನೊಂದು ವಾರ ಬಿಟ್ಟಿದ್ರ ನಾ ಅವ್ರಿಗೆ ಹ್ಞೂಂ ಅಂತಿದ್ದೆ. ಬಂಡ್ರಿಗೆ ಪಾತ್ರಿ ಸೈತ ಕಟ್ಟೀನಿ."

ಅಡುಗೆಮನೆಯ ಮೂಲೆಯಲ್ಲಿ ಗೋಣಿಚೀಲ ಕಟ್ಟಿಟ್ಟಿತ್ತು. ಅದನ್ನು ನಾನು ನೋಡಿದೆ. ಇದರಲ್ಲಿ ನನಗೆ ಸಂಶಯವಿಲ್ಲ.

ಅವಳು ಸಂಡೂರಿಗೆ ಫೋನ್ ಹಚ್ಚಿದಳು. ಗಂಡ ರಜೆ ಹಾಕಿ ಬಂದರು. ತಗಡಿನ ಬೋರ್ಡು ಕೋಳಿಗೂಡಿನ ಮೇಲೆ ಮುಚ್ಚಳವಾಗಿತ್ತು. ಅವರು ಅದನ್ನು ತೊಳೆದು ಅದೇ ಜಾಗದಲ್ಲಿ ಹೊಡೆದರು. ನನ್ನತ್ತ ನೋಡದೆಯೇ, "ಮೇಡಂ, ಕಾಗುಣಿತ ಸರಿ ಐತೇನ್ರಿ? ನಿಮ್ಮ ಸರ್ಚ್ ಸಾಹೇಬ್ರಿಗೆ ಸಿಟ್ಟು ಬರಬಾರದು," ಎಂದರು. ಬಯ್ದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು.

ಸಂಕ್ರಾಂತಿಯ ದಿನ ಅಕ್ಕ ಮಾಡಿದ್ದನ್ನು ಯಾವ ಕೋರ್ಸಿನಲ್ಲೂ ನನಗೆ ಕಲಿಸಿರಲಿಲ್ಲ. ಹೊಸ ಸೀರೆ ಉಟ್ಟು, ಪಾಪಿನಾಯಕನಹಳ್ಳಿಯವರ ಆಟೊದಲ್ಲಿ ಕೂತು, ಸ್ಟೇಷನ್ ಸ್ಟ್ಯಾಂಡು, ಬಸ್ ಸ್ಟ್ಯಾಂಡು, ಹಂಪಿ ದಾರಿಯ ಹೋಟೆಲುಗಳು, ಎಲ್ಲ ಕಡೆ ಇಳಿದು ಎಳ್ಳು ಬೆಲ್ಲ ಕೊಟ್ಟಳು. ಪ್ರತಿಯೊಬ್ಬರಿಗೂ ಒಂದೇ ಮಾತು: "ಮನಿ ನಂದ ಐತ್ರೆಪ್ಪಾ. ಕರಕಂಡ ಬರ್ರಿ." ನಾನು ಹಿಂದೆ ಡಬ್ಬಿ ಹಿಡಿದುಕೊಂಡು ಹೋದೆ.

ಪುಟದಲ್ಲೂ ಹೆಸರು ಬದಲಿಸಿದೆ. ನದಿ ತೆಗೆದೆ. ಹುಣಸೆಮರ, ರೊಟ್ಟಿ, ಬಾಳೆತೋಟ, ಕಾಲುವೆ ಎಂದು ಇದ್ದದ್ದನ್ನು ಬರೆದೆ. ಒಂದು ವಾರದಲ್ಲಿ ಅದು ಮೂರನೆಯ ಪುಟಕ್ಕೆ ಜಾರಿತು. ಹೀಗಾಗುತ್ತದೆಂದು ಗೊತ್ತಿತ್ತು. ಗೊತ್ತಿದ್ದರೂ ಬೆಳಿಗ್ಗೆ ಹಲ್ಲುಜ್ಜುವ ಮೊದಲು ಹುಡುಕಿ ನೋಡುವುದು ನಿಲ್ಲಲಿಲ್ಲ.

ಲಾಡ್ಜಿನವರು ಉತ್ತರ ಕೇಳಲು ಬಂದಾಗ ಅಕ್ಕ ಅವರಿಗೂ ನೀರು ಬೆಲ್ಲ ಕೊಟ್ಟಳು. "ಮನಿ ಕೊಡಂಗಿಲ್ರಿ. ಆ ಉದ್ದನ್ ಹೆಸರು ಬೇಕಂದ್ರ ತಗಂಡ್ ಹೋಗ್ರಿ, ಅದು ಈಗ ಯಾರ್ದೂ ಅಲ್ಲ," ಎಂದಳು. ತಮಾಷೆಗೆ ಹೇಳಿದ್ದಳು. ಆ ಹೆಸರಿನ ಇನ್ನೊಂದು ಮನೆ ಈಗ ಹುಡುಕಿದರೆ ಬರುತ್ತದೆ, ಮೊದಲ ಪುಟದಲ್ಲಿ. ಯಾರು ಹಾಕಿದ್ದೋ ಗೊತ್ತಿಲ್ಲ. ಅದರ ಹಿಂದೆ ಕಾಲುವೆ ಸಹ ಇದೆಯೋ ಇಲ್ಲವೋ. ಆ ನಾಲ್ಕು ಪದಗಳನ್ನು ಸಾಲಾಗಿ ನಿಲ್ಲಿಸಿದವಳು ನಾನು. ಅವು ನನ್ನನ್ನು ಕೇಳದೆ ಜನರನ್ನು ಎಲ್ಲಿಗೋ ಕರೆದೊಯ್ಯುತ್ತಿವೆ.

ಅಕ್ಕನ ಗಂಡನ ರಜೆ ಮುಗಿಯುತ್ತಾ ಬಂತು. ಒಂದು ಕೋಣೆ ತುಂಬಿತು, ಖಾಲಿಯಾಯಿತು, ಎರಡು ತುಂಬಿದವು. ಇಷ್ಟು ಸಾಕೇ ಎಂದು ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ನಾನು ನೋಟ್‌ಬುಕ್ಕಿನ ಹಾಳೆ ತಿರುವುತ್ತಿದ್ದೆ. ಲಾರಿಯ ಕೀಲಿ ಅವರ ಅಂಗಿಯ ಜೇಬಿನಲ್ಲೇ ಇತ್ತು. ಬಗ್ಗಿ ರೊಟ್ಟಿ ಬಡಿಯುವಾಗ ಹಿಟ್ಟಿನಲ್ಲಿ ಬೀಳುತ್ತಿತ್ತು. ಒಂದು ಬೆಳಿಗ್ಗೆ, ಮೂರೂ ಕೋಣೆ ಖಾಲಿ ಇದ್ದ ದಿನ, ಕೀಲಿಯನ್ನು ಒರೆಸಿ, "ಇದೊಂದು ಸಂಡೂರಿನಾಗ ಮಾಲಕ್ರಿಗೆ ಮುಟ್ಟಿಸಿ ಬರ್ತೀನಿ," ಎಂದು ಹೋದರು. ಅಕ್ಕ ಗೋಣಿಚೀಲ ಬಿಚ್ಚಿ ಪಾತ್ರೆಗಳನ್ನು ಒಂದೊಂದೇ ಗೋಡೆಯ ಮಾಡಕ್ಕೆ ಏರಿಸಿದಳು.

ಸಂಜೆ ಅವರು ಹಂಪಿ ನೋಡಲು ಬಂದ ಇಬ್ಬರು ಹೆಣ್ಣುಮಕ್ಕಳ ಜೊತೆ ಆಟೊದಿಂದ ಇಳಿದರು. ಸ್ಟೇಷನ್ ಮುಂದೆ ಸಿಕ್ಕರಂತೆ. ಅಕ್ಕನ ಪ್ರಕಾರ ಇದು ಅದೇ ದಿನ ಅಲ್ಲ, ಎರಡು ದಿನ ಬಿಟ್ಟು. ನಾನು ಎರಡನ್ನು ಕೂಡಿಸಿಕೊಂಡಿದ್ದೇನೆ. ಇರಬಹುದು. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿಲ್ಲ.

"ಈ ಮನೆ ಹೇಗೆ ಗೊತ್ತಾಯಿತು?" ಎಂದು ಕೇಳಿದೆ.

ಒಬ್ಬಳು ಫೋನಿನಲ್ಲಿ ನೋಡಿದ್ದು ಎಂದಳು. ಇನ್ನೊಬ್ಬಳು, ಇಲ್ಲ, ನಿನ್ನ ಅತ್ತಿಗೆ ಹೇಳಿದ್ದು ಎಂದಳು. ಅತ್ತಿಗೆ ಹೇಳಿದ್ದು ಬೇರೆ ಮನೆ, ಇದನ್ನು ತೋರಿಸಿದ್ದು ಆಟೊದವರು ಎಂದು ಮೊದಲನೆಯವಳು. ನಾನು ಪೆನ್ನು ಹಿಡಿದು ಕಾದೆ. ಅಕ್ಕ ಒಳಗಿನಿಂದ ತಂಬಿಗೆ ತಂದು, "ಮೊದ್ಲು ನೀರು ಕುಡೀರವ್ವಾ, ಆಮ್ಯಾಲೆ ಜಗಳಾಡ್ರಿ," ಎಂದಳು.

ಅವರು ಕುಡಿಯುತ್ತಿರುವಾಗ ನಾನು ಮೂರನ್ನೂ ಬರೆದುಕೊಂಡೆ.